ಬರಹ ಕೊಳ್ಳಬಹುದು, ಬಳಗ?

ಜನ ಸೇರದ ಜಾಲತಾಣಗಳಿಗೆ ಕೂಲಿಯ ಮೇಲೆ ಬರೆದುಕೊಡುವ ಸೇವೆಗಳಿವೆ. ಹಾಗೆ ತುಂಬಿಸಿದ ಪುಟಗಳನ್ನು ನೋಡಿ ನಿಜವಾದ ಮಂದಿ ಬರುತ್ತಾರೆಯೆ? ಬಂದವರು ನಿಲ್ಲುತ್ತಾರೆಯೆ? ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳಲ್ಲಿ ಇದರ ಬಲು ದೊಡ್ಡ ಪ್ರಯೋಗವೊಂದು ಹದಿನೈದು ವರ್ಷದ ಹಿಂದೆಯೇ ನಡೆದುಹೋಗಿದೆ.

2010ರ ಜುಲೈ. ಪೋಲೆಂಡಿನ ಗ್ದಾನ್ಸ್ಕ್ ನಗರದಲ್ಲಿ ವಿಕಿಪೀಡಿಯದ ಬರಹಗಾರರ ವಾರ್ಷಿಕ ಸಮ್ಮೇಳನ ‘ವಿಕಿಮೇನಿಯಾ’ ನಡೆದಿತ್ತು. ಗೂಗಲ್ ಕಂಪನಿ ಅಲ್ಲಿ ಒಂದು ದೊಡ್ಡ ಸಂಖ್ಯೆಯನ್ನು ಮುಂದಿಟ್ಟಿತು. ಭಾರತದ ಭಾಷೆಗಳೂ ಅರೇಬಿಕ್‌ನಂಥ ಬೇರೆ ಭಾಷೆಗಳೂ ಸೇರಿ, ಸಣ್ಣ ವಿಕಿಪೀಡಿಯಗಳಿಗೆ ತಾನು ಅನುವಾದ ಮಾಡಿಸಿ ಸೇರಿಸಿದ ಬರಹ 1.6 ಕೋಟಿ ಪದಗಳಷ್ಟು ಎಂದು ಅದು ಹೇಳಿಕೊಂಡಿತು. ಶುರುವಾದದ್ದು 2008ರಲ್ಲಿ, ಹಿಂದಿಯಿಂದ. ಆರು ಲಕ್ಷ ಪದ ಸೇರುತ್ತಿದ್ದಂತೆ ಹಿಂದಿ ವಿಕಿಪೀಡಿಯದ ಗಾತ್ರ ಶೇ 20ರಷ್ಟು ಹಿಗ್ಗಿತ್ತು. ಅದನ್ನು ಕಂಡು ಉತ್ಸಾಹ ಬಂದು ಮುಂದಿನ ಹಂತದಲ್ಲಿ ಕನ್ನಡ, ತಮಿಳು, ತೆಲುಗು, ಬಂಗಾಳಿಗಳಿಗೂ ಕೆಲಸ ಹಬ್ಬಿತು. ಬರೆದವರು ಗುತ್ತಿಗೆಯ ಅನುವಾದಕರು.

ಅದೇ ಸಮ್ಮೇಳನದಲ್ಲಿ ತಮಿಳು ವಿಕಿಪೀಡಿಯದವರು ಬೇರೊಂದು ಲೆಕ್ಕ ಒಪ್ಪಿಸಿದರು. ಬಂದ ಲೇಖನಗಳು ಯಾವುವು, ಅವುಗಳಲ್ಲಿ ಏನೇನು ತಪ್ಪಿದೆ, ತಿದ್ದುವ ಹೊರೆ ಯಾರ ಹೆಗಲಿಗೆ ಬಿದ್ದಿದೆ ಎಂಬ ಪಟ್ಟಿ ಅದು. ಬಂಗಾಳಿಯವರಂತೂ ಈ ಅನುವಾದಗಳು ಬೇಡವೆಂದು ಬಾಗಿಲು ಹಾಕಿಬಿಟ್ಟಿದ್ದರು. ಪುಕ್ಕಟೆಯಾಗಿ ಬಂದ ಲಕ್ಷಗಟ್ಟಲೆ ಪದಗಳನ್ನು, ಬರಹದ ಬರ ಅನುಭವಿಸುತ್ತಿದ್ದ ಭಾಷೆಗಳೇ ಬೇಡವೆನ್ನಲು ಕಾರಣವೇನು?

ಖಾಲಿ ಹೋಟೆಲಿನ ಕಷ್ಟ

ದುಡ್ಡು ಕೊಟ್ಟು ಬರೆಸುವ ಆಲೋಚನೆಯನ್ನು ಒಮ್ಮೆಗೇ ತಳ್ಳಿಹಾಕುವಂತಿಲ್ಲ. ಬೆಳಗಿನ ಎಂಟೂವರೆಯಲ್ಲಿ ಒಬ್ಬ ಗಿರಾಕಿಯೂ ಇಲ್ಲದ ದರ್ಶಿನಿಗೆ ಕಾಲಿಡಲು ಯಾರಿಗಾದರೂ ಅಳುಕೇ. ಇಡ್ಲಿ ಎಷ್ಟು ಮೆತ್ತಗಿದೆಯೆಂದು ತಿಳಿಯುವ ಮೊದಲೇ ಅನುಮಾನ ಹುಟ್ಟಿರುತ್ತದೆ. ಹೊಸ ಚರ್ಚಾತಾಣದ ಪಾಡೂ ಹಾಗೆಯೇ. ಕೊನೆಯದಾಗಿ ಕೇಳಿದ ಪ್ರಶ್ನೆಗೆ ಎರಡು ತಿಂಗಳಾದರೂ ಉತ್ತರ ಬಂದಿಲ್ಲ ಎಂದು ಕಂಡ ಹೊಸಬರು ತಮ್ಮ ಪ್ರಶ್ನೆಯನ್ನು ನುಂಗಿಕೊಂಡು ಹೊರಟುಬಿಡುತ್ತಾರೆ. ಬರಹವಿದ್ದರೆ ಜನ, ಜನರಿದ್ದರೆ ಬರಹ. ಮೊದಲು ಯಾವುದು?

ಈ ಗಂಟು ಬಿಡಿಸಿಕೊಡುತ್ತೇವೆ ಎಂದು ಹೊರಟವೇ ಪೋಸ್ಟ್ ಮಾರುವ ಸೇವೆಗಳು. ವ್ಯಾಪಾರ ಸರಳ. ಇಷ್ಟು ನೂರು ಪೋಸ್ಟ್, ಇಷ್ಟು ಹೊಸ ಚರ್ಚೆ, ಇಷ್ಟು ಬೇರೆಬೇರೆ ಹೆಸರಿನ ಖಾತೆ, ಇಷ್ಟು ದಿನದೊಳಗೆ. ಎಲ್ಲಕ್ಕೂ ಸೇರಿ ಒಂದು ಪ್ಯಾಕೇಜು. ಬೆಳಿಗ್ಗೆ ತೋಟಗಾರಿಕೆಯ ತಾಣದಲ್ಲಿ ಗುಲಾಬಿಗೆ ಹುಳ ಬಿದ್ದಿದೆಯೆಂದು ಕೊರಗುವ ಬರಹಗಾರರೇ ಮಧ್ಯಾಹ್ನ ಬೈಕಿನ ತಾಣದಲ್ಲಿ ಮೈಲೇಜಿನ ಬಗ್ಗೆ ವಾದಕ್ಕಿಳಿಯುತ್ತಾರೆ. ಗುಲಾಬಿ ಗಿಡವೂ ಇಲ್ಲ, ಬೈಕೂ ಇಲ್ಲ. ಪೋಸ್ಟಿನ ಲೆಕ್ಕ ಮುಗಿದ ದಿನ ಆ ಹೆಸರುಗಳೆಲ್ಲ ಒಟ್ಟಿಗೇ ಮಾಯ.

ಆದರೂ ಸುಳ್ಳು ಹೆಸರುಗಳಿಂದ ಶುರುವಾಗಿ ಗೆದ್ದ ತಾಣ ಒಂದಿದೆ. 2005ರ ಜೂನಿನಲ್ಲಿ ಸ್ಟೀವ್ ಹಫ್‌ಮನ್ ಮತ್ತು ಅಲೆಕ್ಸಿಸ್ ಒಹಾನಿಯನ್ ಎಂಬ ಇಬ್ಬರು ಯುವಕರು ಅಮೆರಿಕದಲ್ಲಿ ‘ರೆಡಿಟ್’ ಶುರು ಮಾಡಿದಾಗ ಒಳಗೆ ಅವರಿಬ್ಬರನ್ನು ಬಿಟ್ಟರೆ ಹೆಚ್ಚು ಜನ ಇರಲಿಲ್ಲ. ಕೊಂಡಿ ಹಾಕುವಾಗಲೆಲ್ಲ ಬೇರೆಬೇರೆ ಹೆಸರು ಬಳಸಿ ಗಿಜಿಗುಡುವಂತೆ ತೋರಿಸಿದೆವು ಎಂದು ಹಫ್‌ಮನ್ ಮುಂದೆ ತಾವೇ ಬಾಯಿಬಿಟ್ಟು ಹೇಳಿದರು. ಕೆಲವೇ ತಿಂಗಳಲ್ಲಿ ಆ ನಾಟಕದ ಅಗತ್ಯ ಇಲ್ಲವಾಯಿತು. 2006ರ ಅಕ್ಟೋಬರಿನಲ್ಲಿ ಕಾಂಡೆ ನಾಸ್ಟ್ ಪ್ರಕಾಶನ ಸಂಸ್ಥೆ ರೆಡಿಟ್ಟನ್ನು ಕೊಂಡಿತು.

ಪೋಸ್ಟ್ ಮಾರುವವರು ಈ ಕತೆಯನ್ನು ತಮ್ಮ ಸಾಕ್ಷಿಯಾಗಿ ಹೇಳಬಹುದು. ಅದರ ಮುಖ್ಯ ವಿವರವೊಂದು ಮಾತ್ರ ಅವರಿಗೆ ಅನುಕೂಲವಾದದ್ದಲ್ಲ. ಆ ಸುಳ್ಳು ಹೆಸರುಗಳ ಹಿಂದೆ ಇದ್ದವರು ತಾಣ ಕಟ್ಟಿದವರೇ. ತಮಗೆ ಇಷ್ಟವಾದ ಕೊಂಡಿಗಳನ್ನೇ ಅವರು ಹಾಕುತ್ತಿದ್ದರು. ಅದರಿಂದ ತಾಣಕ್ಕೆ ಒಂದು ರುಚಿ, ಒಂದು ಧಾಟಿ ಬಂತು. ಹೊಸಬರು ಬಂದು ಮಾತಾಡಿಸಿದರೆ ಓಗೊಡಲು ಅವರು ಅಲ್ಲೇ ಇದ್ದರು, ಮರುದಿನವೂ ಇದ್ದರು. ಹೆಸರಷ್ಟೇ ಸುಳ್ಳು, ಆಸಕ್ತಿ ಅಪ್ಪಟ. ಪ್ಯಾಕೇಜಿನಲ್ಲಿ ಸಿಗದಿರುವುದೂ ಈ ಆಸಕ್ತಿಯೇ.

ಮಂದಿಯನ್ನು ನೋಡಿ ಮಂದಿ

ಗುಂಪನ್ನು ನೋಡಿ ಗುಂಪು ಸೇರುತ್ತದೆ ಎಂಬ ಮಾತಿಗೆ ಆಧಾರ ಇಲ್ಲದಿಲ್ಲ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಎಂಬ ಸಂಶೋಧಕರ ಪ್ರಯೋಗವೊಂದು ಪ್ರಕಟವಾಯಿತು. ಸುದ್ದಿಗಳನ್ನು ಹಂಚಿಕೊಳ್ಳುವ ತಾಣವೊಂದರಲ್ಲಿ ಐದು ತಿಂಗಳ ಕಾಲ, ಲಕ್ಷಕ್ಕೂ ಮಿಕ್ಕ ಪ್ರತಿಕ್ರಿಯೆಗಳ ಮೇಲೆ ನಡೆದ ಪ್ರಯೋಗ. ಪ್ರತಿಕ್ರಿಯೆ ಬಿದ್ದ ಕೂಡಲೇ ಕೆಲವಕ್ಕೆ ಸಂಶೋಧಕರು ತಾವೇ ಒಂದು ಮೆಚ್ಚುಗೆಯ ಮತ ಹಾಕಿದರು. ಆಮೇಲೆ ಬಂದ ಮೊದಲ ಓದುಗರು ಅದಕ್ಕೆ ಮೆಚ್ಚುಗೆ ಒತ್ತುವ ಸಾಧ್ಯತೆ ಶೇ 32ರಷ್ಟು ಏರಿತು. ಕೊನೆಗೆ ಅದರ ಒಟ್ಟು ಅಂಕ ಸರಾಸರಿ ಶೇ 25ರಷ್ಟು ಹೆಚ್ಚಾಯಿತು. ಬೇಕೆಂದೇ ಹಾಕಿದ ತೆಗಳಿಕೆಯ ಮತವನ್ನು ಮಾತ್ರ ಓದುಗರೇ ಸರಿಪಡಿಸಿದರು.

ಒಂದು ಸುಳ್ಳು ಚಪ್ಪಾಳೆ ನಿಜದ ಚಪ್ಪಾಳೆಗಳನ್ನು ಎಳೆದು ತಂದದ್ದು ಹೀಗೆ. ಸುಳ್ಳು ವಿಮರ್ಶೆ, ಕೊಂಡ ಲೈಕುಗಳ ಮಾರುಕಟ್ಟೆ ನಿಂತಿರುವುದೂ ಈ ಬುನಾದಿಯ ಮೇಲೆ. ಅದರ ಹಾವಳಿ ತಾಳಲಾರದೆ ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಮಾನದಂಡ ತರಬೇಕಾಯಿತು. ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ಸುಳ್ಳು ವಿಮರ್ಶೆ ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸುವ ನಿಯಮ ಹೊರಡಿಸಿತು.

ಮತ ಒತ್ತುವುದು ಅರೆಕ್ಷಣದ ಕೆಲಸ. ಕೂತು ನಾಲ್ಕು ಪ್ಯಾರಾ ಬರೆಯುವುದು, ಬೇರೆಯವರು ಬರೆದ ನಾಲ್ಕು ಪ್ಯಾರಾ ತಿದ್ದುವುದು, ನಾಳೆಯೂ ಅದಕ್ಕಾಗಿ ಹೊತ್ತು ಮಾಡಿಕೊಳ್ಳುವುದು ಬೇರೆಯದೇ ಕೆಲಸ. ಸಣ್ಣ ಬಳಗ ಬೆಳೆಯುವುದು ಈ ಎರಡನೆಯದರಿಂದ. ಗೂಗಲ್ಲಿನ ಪ್ರಯೋಗ ನಡೆದದ್ದೂ ಈ ಎರಡನೆಯದರ ಅಂಗಳದಲ್ಲಿ.

ಕನ್ನಡಕ್ಕೆ ಬಂದ ಉದ್ದುದ್ದ ಲೇಖನಗಳು

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ಸಾಹಸವಾಗಿದ್ದ ಕಾಲ. ಬಂದವರು ಬೆರಳೆಣಿಕೆಯ ಉತ್ಸಾಹಿಗಳು. ಅವರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ನೌಕರರಿದ್ದರು, ಹೊರದೇಶದ ಕನ್ನಡಿಗರಿದ್ದರು. ಬರೆದದ್ದು ತಮ್ಮ ಊರು, ನದಿ, ಕವಿ, ಸಿನಿಮಾ ಕುರಿತು, ಹೆಚ್ಚಾಗಿ ಐದಾರು ಸಾಲಿನ ಚುಟುಕು ಲೇಖನಗಳನ್ನು. ಏನೇ ತಕರಾರಿದ್ದರೂ ‘ಅರಳಿ ಕಟ್ಟೆ’ ಎಂಬ ಪುಟದಲ್ಲಿ ಕೂಡಿ ಮಾತಾಡುತ್ತಿದ್ದರು. ಆ ಹೆಸರಿನ ಪುಟ ಇಂದಿಗೂ ಇದೆ.

ಈ ಕಟ್ಟೆಯ ಎದುರಿಗೆ ಇದ್ದಕ್ಕಿದ್ದಂತೆ ಉದ್ದುದ್ದ ಲೇಖನಗಳು ಬಂದಿಳಿಯತೊಡಗಿದವು. ಅವುಗಳ ಹಿಂದಿನ ಏರ್ಪಾಡು ಹೀಗಿತ್ತು. ಭಾರತದಲ್ಲಿ ಜನ ಹೆಚ್ಚಾಗಿ ಹುಡುಕುವ ಇಂಗ್ಲಿಷ್ ಲೇಖನಗಳನ್ನು ಗೂಗಲ್ ತನ್ನ ಹುಡುಕಾಟದ ಅಂಕಿಅಂಶಗಳಿಂದ ಆರಿಸುತ್ತಿತ್ತು. 2009ರಲ್ಲಿ ಬಿಡುಗಡೆಯಾದ ಅದರ ‘ಟ್ರಾನ್ಸ್‌ಲೇಟರ್ ಟೂಲ್‌ಕಿಟ್’ ಆ ಲೇಖನವನ್ನು ವಾಕ್ಯವಾಕ್ಯವಾಗಿ ತುಂಡರಿಸಿ ಅನುವಾದಕರ ಮುಂದಿಡುತ್ತಿತ್ತು. ಎಲ್ಲ ತುಂಡುಗಳೂ ಮುಗಿದ ಮೇಲೆ ಲೇಖನ ವಿಕಿಪೀಡಿಯಕ್ಕೆ ಏರುತ್ತಿತ್ತು. ಅನುವಾದಕರು ಮುಂದಿನ ಲೇಖನಕ್ಕೆ ಹೋಗುತ್ತಿದ್ದರು.

ಎಡವಟ್ಟಾದದ್ದು ಹಲವು ಕಡೆ. ಇಂಗ್ಲಿಷಿನಲ್ಲಿ ಹುಡುಕುವ ಭಾರತೀಯರ ಆಸಕ್ತಿಯೇ ಕನ್ನಡ, ತಮಿಳು ಓದುಗರ ಅಗತ್ಯ ಎಂದು ಲೆಕ್ಕ ಹಾಕಿದ್ದರಿಂದ ಪಾಶ್ಚಾತ್ಯ ಪಾಪ್ ಗಾಯಕರು, ಹಾಲಿವುಡ್ ತಾರೆಯರು, ಬಹುರಾಷ್ಟ್ರೀಯ ಕಂಪನಿಗಳು ಪುಟಗಟ್ಟಲೆ ಬಂದವು. ತಮ್ಮ ಜಿಲ್ಲೆಯ ನದಿಯ ಬಗ್ಗೆ ನಾಲ್ಕೇ ಸಾಲು ಇರುವಾಗ ಅಮೆರಿಕದ ಗಾಯಕಿಯೊಬ್ಬರ ಆಲ್ಬಮ್ಮುಗಳ ವಿವರ ನಲವತ್ತು ಪ್ಯಾರಾ. ಇಂಗ್ಲಿಷ್ ಲೇಖನದ ಕೊಂಡಿಗಳೆಲ್ಲ ಹಾಗೇ ಬಂದದ್ದರಿಂದ ಪುಟದ ತುಂಬ ಕೆಂಪು. ಅಂದರೆ ಕನ್ನಡದಲ್ಲಿ ಇಲ್ಲದ ಲೇಖನಗಳಿಗೆ ಕೈತೋರಿಸುವ ಕೊಂಡಿಗಳು. ಟೆಂಪ್ಲೇಟುಗಳು ಮುರಿದು ಕೋಡಿನ ಚೂರುಗಳು ಓದುಗರ ಕಣ್ಣಿಗೇ ಬೀಳುತ್ತಿದ್ದವು. ತುಂಡುತುಂಡಾಗಿ ಅನುವಾದಿಸಿದ ವಾಕ್ಯಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದ್ದವು. ಕರ್ತೃವಿನಿಂದ ಕ್ರಿಯಾಪದಕ್ಕೆ ಹೋಗುವಷ್ಟರಲ್ಲಿ ಓದುವವರ ಉಸಿರು ಕಟ್ಟುತ್ತಿತ್ತು.

ಇವೆಲ್ಲ ತಿದ್ದಬಹುದಾದ ದೋಷಗಳೇ. ವಿಕಿಪೀಡಿಯ ನಿಂತಿರುವುದೇ ತಿದ್ದುವುದರ ಮೇಲೆ. ಒಬ್ಬರು ಅರೆಬರೆ ಬರೆಯುತ್ತಾರೆ, ಇನ್ನೊಬ್ಬರು ಚರ್ಚೆ ಪುಟಕ್ಕೆ ಹೋಗಿ ‘ಈ ಇಸವಿ ಎಲ್ಲಿ ಸಿಕ್ಕಿತು?’ ಎಂದು ಕೇಳುತ್ತಾರೆ, ಮೊದಲಿನವರು ಉತ್ತರಿಸುತ್ತಾರೆ ಅಥವಾ ಜಗಳಕ್ಕೆ ಬರುತ್ತಾರೆ. ಆ ಜಗಳದಲ್ಲೇ ಇಬ್ಬರಿಗೂ ಪರಿಚಯ. ಗುತ್ತಿಗೆಯ ಅನುವಾದಕರ ಚರ್ಚೆ ಪುಟದಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರುತ್ತಿರಲಿಲ್ಲ. ಅದಕ್ಕೆ ಅವರನ್ನು ದೂರುವುದೂ ತಪ್ಪು. ಅವರಿಗೆ ಸಿಗುತ್ತಿದ್ದುದು ಅನುವಾದಕ್ಕೆ ಹಣ. ಅರಳಿ ಕಟ್ಟೆಯಲ್ಲಿ ಕೂತು ಹರಟುವ ಹೊತ್ತಿಗೆ ಲೆಕ್ಕದಲ್ಲಿ ಜಾಗವಿರಲಿಲ್ಲ. ಅಂಥ ಕಟ್ಟೆಯೊಂದಿದೆ ಎಂದು ಎಷ್ಟೋ ಜನರಿಗೆ ಯಾರೂ ಹೇಳಿಯೂ ಇರಲಿಕ್ಕಿಲ್ಲ.

ಪರಿಣಾಮವಾಗಿ ಬಳಗಕ್ಕೆ ಹೊಸ ಕೈಗಳು ಸೇರಲಿಲ್ಲ, ಇದ್ದ ಕೈಗಳಿಗೆ ಹೊಸ ಕೆಲಸ ಸೇರಿತು. ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ತಮಗಿಷ್ಟವಾದದ್ದನ್ನು ಬರೆಯುತ್ತಿದ್ದವರು, ತಾವು ಆರಿಸದ ವಿಷಯದ ಮೇಲೆ ತಾವು ಬರೆಯದ ಲೇಖನ ತಿದ್ದಬೇಕಾಯಿತು. ಇನ್ನೊಬ್ಬರು ಸಂಬಳ ಪಡೆದು ಬಿಟ್ಟುಹೋದ ಕಸವನ್ನು ಪುಕ್ಕಟೆ ಗುಡಿಸುವುದು ಎಷ್ಟು ದಿನ ಸಾಧ್ಯ? ತಮಿಳಿನವರು ಗೂಗಲ್ ಜೊತೆ ಮಾತುಕತೆಗೆ ಕೂತು, ವಿಷಯಗಳ ಆಯ್ಕೆಯಲ್ಲೂ ಗುಣಮಟ್ಟದಲ್ಲೂ ತಮ್ಮ ಮಾತು ನಡೆಯಬೇಕೆಂದು ಪಟ್ಟುಹಿಡಿದರು. ಬಂಗಾಳಿಯವರು ಸುಮ್ಮನೆ ಬೇಡವೆಂದರು. ಎರಡೂ ಸಣ್ಣ ಬಳಗಗಳು ತಮ್ಮನ್ನು ಉಳಿಸಿಕೊಂಡ ಬಗೆಗಳು.

ಯೋಜನೆ 2011ರ ಹೊತ್ತಿಗೆ ನಿಂತಿತು. ಅದೇ ವರ್ಷದ ಜೂನಿನಲ್ಲಿ ಗೂಗಲ್ಲಿನ ಅನುವಾದ ಯಂತ್ರಕ್ಕೆ ಕನ್ನಡ, ತಮಿಳು, ತೆಲುಗು, ಬಂಗಾಳಿ, ಗುಜರಾತಿಗಳು ಸೇರಿದವು. ಇಂಗ್ಲಿಷ್ ವಾಕ್ಯದ ಪಕ್ಕಕ್ಕೆ ಅದರದೇ ಕನ್ನಡ ವಾಕ್ಯ ಇರುವ ಜೋಡಿಗಳು ಇಂಥ ಯಂತ್ರಕ್ಕೆ ಮೇವು. ಟೂಲ್‌ಕಿಟ್ಟಿನಲ್ಲಿ ನಡೆದ ಪ್ರತಿಯೊಂದು ಅನುವಾದವೂ ಅಂಥ ಜೋಡಿಯನ್ನು ಕೂಡಿಡುತ್ತಿತ್ತು. ಕೊಟ್ಟ ದುಡ್ಡಿಗೆ ಕಂಪನಿಗೆ ಬೇರೊಂದು ಪ್ರಯೋಜನ ಇತ್ತು ಎನ್ನಲು ಇಷ್ಟು ಸಾಕು. ಬಳಗ ಕಟ್ಟುವುದು ಆ ಲೆಕ್ಕದಲ್ಲಿ ಎಷ್ಟನೆಯ ಸಾಲಿನಲ್ಲಿತ್ತೋ!

ಬಹುಮಾನ, ಅಂಕ, ಲ್ಯಾಪ್‌ಟಾಪ್

ಕೂಲಿಯ ಬದಲು ಬಹುಮಾನ ಕೊಟ್ಟರೆ? ಅದೂ ಆಗಿದೆ. 2009ರ ಕೊನೆಯಲ್ಲಿ ಕೆನ್ಯಾ, ತಾಂಜಾನಿಯಾದ ವಿದ್ಯಾರ್ಥಿಗಳಿಗೆಂದು ಗೂಗಲ್ಲೇ ಸ್ವಾಹಿಲಿ ವಿಕಿಪೀಡಿಯದಲ್ಲಿ ಲೇಖನ ಬರೆಯುವ ಸ್ಪರ್ಧೆ ಇಟ್ಟಿತ್ತು. ಲ್ಯಾಪ್‌ಟಾಪು, ಫೋನುಗಳ ಬಹುಮಾನ. ಕೆಲವೇ ವಾರಗಳಲ್ಲಿ ನೂರಾರು ಲೇಖನ ಬಂದವು. ಸ್ಪರ್ಧೆ ಮುಗಿದ ಮೇಲೆ ಹೆಚ್ಚಿನವರು ಅತ್ತ ತಲೆ ಹಾಕಲಿಲ್ಲ.

ನಮ್ಮಲ್ಲಿ ನಡೆದದ್ದು ಅಂಕಗಳ ಪ್ರಯೋಗ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ವಿಕಿಪೀಡಿಯದ ಲೇಖನ ಬರೆಯುವುದು ಭಾಷಾ ವಿದ್ಯಾರ್ಥಿಗಳ ಅಸೈನ್‌ಮೆಂಟಿನ ಭಾಗವಾಯಿತು. ಅಂಕವೂ ಒಂದು ಬಗೆಯ ಕೂಲಿಯೇ. ಸೆಮಿಸ್ಟರ್ ಮುಗಿಯುವ ವಾರದಲ್ಲಿ ಲೇಖನಗಳ ಮಹಾಪೂರ. ಫಲಿತಾಂಶ ಬಂದ ಮೇಲೆ ಬಹುಪಾಲು ಖಾತೆಗಳು ತಣ್ಣಗೆ. ಹಾಗೆಂದು ಇದನ್ನು ಗುತ್ತಿಗೆಯ ಅನುವಾದಕ್ಕೆ ಸಮ ಎನ್ನಲಾಗದು. ಇಲ್ಲಿ ಬಳಗದವರು ತರಗತಿಗೆ ಹೋಗಿ ಕಲಿಸುತ್ತಿದ್ದರು, ತಪ್ಪಿಗೆ ಹೆಸರಿಟ್ಟು ತಿದ್ದಿಸುತ್ತಿದ್ದರು. ನೂರರಲ್ಲಿ ಒಬ್ಬರೋ ಇಬ್ಬರೋ ಉಳಿದರೂ ಸಣ್ಣ ಬಳಗಕ್ಕೆ ಅದು ದೊಡ್ಡ ಸಂಖ್ಯೆ.

ಎಲ್ಲಕ್ಕಿಂತ ಕುತೂಹಲದ ತಿರುವು 2018ರಲ್ಲಿ ಬಂತು. ಗೂಗಲ್ ಮತ್ತೆ ಭಾರತೀಯ ಭಾಷೆಗಳ ಕಡೆಗೆ ತಿರುಗಿತು. ಈ ಸಲ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಮತ್ತು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಗಳ ಜೊತೆಗೂಡಿ, ‘ಪ್ರಾಜೆಕ್ಟ್ ಟೈಗರ್’ ಹೆಸರಿನಲ್ಲಿ. ಈಗಾಗಲೇ ಬರೆಯುತ್ತಿದ್ದ, ಆದರೆ ಕಂಪ್ಯೂಟರಿಗೆ ಪರದಾಡುತ್ತಿದ್ದ ಐವತ್ತು ಮಂದಿಗೆ ಕ್ರೋಮ್‌ಬುಕ್ ಲ್ಯಾಪ್‌ಟಾಪ್ ಸಿಕ್ಕಿತು. ಹಲವರಿಗೆ ಇಂಟರ್‌ನೆಟ್ ಖರ್ಚು ಸಿಕ್ಕಿತು. ಜೊತೆಗೆ ಭಾಷೆಭಾಷೆಗಳ ನಡುವೆ ಲೇಖನ ಬರೆಯುವ ಪೈಪೋಟಿ. ವಿಷಯಗಳ ಪಟ್ಟಿ ಮಾಡುವುದರಲ್ಲಿ ಬಳಗಗಳಿಗೂ ಪಾಲಿತ್ತು. ಮೊದಲ ವರ್ಷ ಪಂಜಾಬಿ ಗೆದ್ದಿತು, ತಮಿಳು ಅದರ ಹಿಂದೆಯೇ ಇತ್ತು. ಹತ್ತು ವರ್ಷದ ಹಿಂದೆ ಬರಹವನ್ನೇ ಕೊಳ್ಳಲು ಹೋಗಿದ್ದ ಹಣ ಈಗ ಬರೆಯುವವರ ಅಡಚಣೆ ಕಳೆಯಲು ಹೋಯಿತು. ಹಣದ ಪ್ರಮಾಣಕ್ಕಿಂತ ಅದು ಬಂದು ಮುಟ್ಟಿದ ಜಾಗ ಮುಖ್ಯವಾಯಿತು.

ದುಡ್ಡಿಲ್ಲದ ಪದಕ

ಬರೆಯುವವರು ಉಳಿಯುವುದು ಯಾತಕ್ಕೆ? ಇದನ್ನೂ ಅಳೆದು ನೋಡಿದವರಿದ್ದಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬರು ಇನ್ನೊಬ್ಬರಿಗೆ ‘ಬಾರ್ನ್‌ಸ್ಟಾರ್’ ಎಂಬ ನಕ್ಷತ್ರದ ಚಿತ್ರವನ್ನು ಮೆಚ್ಚುಗೆಯಾಗಿ ಕೊಡುವ ಪದ್ಧತಿ ಇದೆ. ಕಾಸಿನ ಬೆಲೆಯಿಲ್ಲ. ಅತಿ ಹೆಚ್ಚು ಕೆಲಸ ಮಾಡುವ ಶೇ 1ರಷ್ಟು ಸಂಪಾದಕರಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಅಮೆರಿಕದ ಇಬ್ಬರು ಸಮಾಜಶಾಸ್ತ್ರಜ್ಞರು, ಮೈಕೆಲ್ ರೆಸ್ಟಿವೊ ಮತ್ತು ಅರ್ನೌಟ್ ವ್ಯಾನ್ ಡಿ ರೈಟ್, ಈ ನಕ್ಷತ್ರ ಕೊಟ್ಟರು. 2012ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಮುಂದಿನ 90 ದಿನಗಳಲ್ಲಿ ನಕ್ಷತ್ರ ಸಿಕ್ಕವರು ಸಿಗದವರಿಗಿಂತ ಶೇ 60ರಷ್ಟು ಹೆಚ್ಚು ಕೆಲಸ ಮಾಡಿದ್ದರು.

ಹಳಬರ ಮಾತು ಹಾಗಿರಲಿ, ಹೊಸಬರು? ಯಾನಾ ಗಾಲುಸ್ ಎಂಬ ಸಂಶೋಧಕಿ ಜರ್ಮನ್ ವಿಕಿಪೀಡಿಯದ ಸುಮಾರು ನಾಲ್ಕು ಸಾವಿರ ಹೊಸಬರ ಮೇಲೆ ಇಂಥದೇ ಪ್ರಯೋಗ ನಡೆಸಿದರು. ಹೆಸರು ಹಿಡಿದು ಮೆಚ್ಚಿದ ಒಂದು ಬಿರುದಿನಿಂದ, ಮುಂದಿನ ತಿಂಗಳೂ ಬರೆಯಲು ಬಂದವರ ಪ್ರಮಾಣ ಶೇ 20ರಷ್ಟು ಏರಿತು. ಆ ಪರಿಣಾಮ ಒಂದೆರಡು ವಾರಕ್ಕೆ ಕರಗಲೂ ಇಲ್ಲ. ‘ನೀವು ಬರೆದದ್ದನ್ನು ಓದಿದೆವು’ ಎಂದು ಹೇಳುವವರು ಅಲ್ಲಿ ಇರಬೇಕು, ಅಷ್ಟೇ. ಕೂಲಿಯ ಪೋಸ್ಟುಗಳಿಂದ ತುಂಬಿದ ತಾಣದಲ್ಲಿ ಹೊಸಬರಿಗೆ ಸಿಗದೇ ಹೋಗುವುದು ಇದೇ. ಬರಹ ಬೇಕಾದಷ್ಟಿದೆ, ಓದಿ ಹೇಳುವವರಿಲ್ಲ.

ಎಣಿಕೆಯ ಮೋಹ

ಲೇಖನ ಎಷ್ಟು ಎಂದು ಎಣಿಸುವುದು ಸುಲಭವಾದ್ದರಿಂದ ಅದನ್ನೇ ಬೆಳವಣಿಗೆ ಎಂದುಕೊಳ್ಳುವ ಮೋಹ ಎಲ್ಲರಿಗೂ ಇದೆ. ಫಿಲಿಪ್ಪೀನ್ಸಿನ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಲೇಖನಗಳ ಸಂಖ್ಯೆಯಲ್ಲಿ ಇಂಗ್ಲಿಷಿನ ಹಿಂದೆಯೇ ನಿಲ್ಲುವಷ್ಟು. ಹೆಚ್ಚಿನವನ್ನು ಬರೆದದ್ದು ಸ್ವೀಡನ್ನಿನ ಸ್ವೆರ್ಕರ್ ಯೋಹಾನ್ಸನ್ ರೂಪಿಸಿದ ಒಂದು ತಂತ್ರಾಂಶ, ಹಳ್ಳಿಕೊಳ್ಳ, ಜೀವಜಂತುಗಳ ದತ್ತಾಂಶದಿಂದ. ಮನುಷ್ಯರು ಕೂತು ಬರೆಯುವುದು ಅಲ್ಲಿ ಅಪರೂಪ.

ಅದರ ಪಕ್ಕದಲ್ಲಿ ನಮ್ಮ ತುಳುವನ್ನು ಇಟ್ಟು ನೋಡಿ. ತುಳು ವಿಕಿಪೀಡಿಯ ವರ್ಷಗಟ್ಟಲೆ ‘ಇನ್‌ಕ್ಯುಬೇಟರ್’ ಎಂಬ ಪ್ರಾಯೋಗಿಕ ತಾಣದಲ್ಲೇ ಇತ್ತು. ಹೊಸ ಭಾಷೆಗೆ ಒಪ್ಪಿಗೆ ಕೊಡುವ ಸಮಿತಿ ನೋಡುವುದು ಲೇಖನಗಳ ರಾಶಿಯನ್ನಷ್ಟೇ ಅಲ್ಲ. ತಿಂಗಳ ಮೇಲೆ ತಿಂಗಳು ಬರೆಯುವ ಒಂದು ಗುಂಪು ಇದೆಯೆ ಎಂಬುದನ್ನು. ಕರಾವಳಿಯ ಕಾರ್ಯಾಗಾರಗಳು, ಕಾಲೇಜುಗಳ ಸಂಪಾದನೋತ್ಸವಗಳು ಆ ಗುಂಪನ್ನು ಕಟ್ಟಿದವು. 2016ರ ಆಗಸ್ಟಿನಲ್ಲಿ ತುಳು ಸ್ವಂತ ಮನೆಗೆ ಬಂತು. ಒಂದೇ ದಿನ ಸಾವಿರ ಲೇಖನ ಕೊಂಡು ತಂದು ಸುರಿದಿದ್ದರೂ ಆ ಬಾಗಿಲು ತೆರೆಯುತ್ತಿರಲಿಲ್ಲ.

ಬರಹವೇ ಪುಕ್ಕಟೆಯಾದಾಗ

ಇಷ್ಟು ವರ್ಷ ಪೋಸ್ಟಿಗೆ ಇಷ್ಟು ಎಂದು ಮಾರುತ್ತಿದ್ದವರ ಅಂಗಡಿಗೂ ಈಗ ಕುತ್ತು ಬಂದಿದೆ. ಕೇಳಿದಷ್ಟು ಪ್ಯಾರಾ, ಕೇಳಿದ ಭಾಷೆಯಲ್ಲಿ, ಯಂತ್ರವೇ ಬರೆದುಕೊಡುತ್ತದೆ. ಅದರಿಂದ ಸಣ್ಣ ಬಳಗಗಳ ಕಷ್ಟ ತೀರಿತೆ? ಸುಮಾರು 57 ಸಾವಿರ ಜನರ ಭಾಷೆಯಾದ ಗ್ರೀನ್‌ಲ್ಯಾಂಡಿಕ್‌ನ ವಿಕಿಪೀಡಿಯವನ್ನು ಮುಚ್ಚುವ ನಿರ್ಧಾರ 2025ರಲ್ಲಿ ಆಯಿತು. ಮುಚ್ಚಿ ಎಂದು ಕೇಳಿಕೊಂಡವರು ಅದನ್ನು ನೋಡಿಕೊಳ್ಳುತ್ತಿದ್ದ ನಿರ್ವಾಹಕರೇ. ಭಾಷೆ ಬಾರದವರು ಯಂತ್ರದಿಂದ ಅನುವಾದಿಸಿ ತಂದು ಹಾಕಿದ ಲೇಖನಗಳು ಅಲ್ಲಿ ತುಂಬಿದ್ದವು. ಆ ತಪ್ಪು ಬರಹವನ್ನೇ ಓದಿ ಮುಂದಿನ ಯಂತ್ರಗಳು ಇನ್ನಷ್ಟು ತಪ್ಪು ಕಲಿಯುವ ಅಪಾಯವೂ ಇತ್ತು. ಅಲ್ಲಿ ಕೊರತೆ ಇದ್ದದ್ದು ಬರಹಕ್ಕಲ್ಲ, ಆ ಭಾಷೆ ಬಲ್ಲ ಸಂಪಾದಕರಿಗೆ.

ಹಾಗಾದರೆ ಸಣ್ಣ ಬಳಗಕ್ಕೆ ಹಣವೇ ಬೇಡವೆ? ಬೇಕು. ವಿಕಿಪೀಡಿಯದ ಹುಟ್ಟಿನಲ್ಲೂ ಸಂಬಳ ಇತ್ತು: 2001ರಲ್ಲಿ ಅದನ್ನು ಜಿಮ್ಮಿ ವೇಲ್ಸ್ ಜೊತೆ ಶುರು ಮಾಡಿದ ಲ್ಯಾರಿ ಸ್ಯಾಂಗರ್, ವೇಲ್ಸ್ ಅವರ ಬೋಮಿಸ್ ಕಂಪನಿಯ ನೌಕರರಾಗಿದ್ದರು. ಆ ಸಂಬಳ ಜನರನ್ನು ಕೂಡಿಸುವುದಕ್ಕೆ, ನಿಯಮ ಕಟ್ಟುವುದಕ್ಕೆ ಸಂದಿತು; ಲೇಖನಗಳನ್ನು ಬರೆದವರು ಊರೂರಿನ ಪುಕ್ಕಟೆ ಕೆಲಸಗಾರರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಸಂಪುಟಗಳು 2014ರಲ್ಲಿ ಮುಕ್ತ ಪರವಾನಗಿಗೆ ಬಂದಾಗ ಬರೆಯುವವರಿಗೆ ಆಕರವೇ ಕೈಗೆ ಸಿಕ್ಕಿತು. ಇಂಥ ಸಾಮಗ್ರಿಯನ್ನು ಸ್ಕ್ಯಾನ್ ಮಾಡಿಸಲು, ಅಕ್ಷರ ಜೋಡಿಸಿ ತಿದ್ದಿಸಲು ಎಷ್ಟು ಹಣವಿದ್ದರೂ ಸಾಲದು. ಕಾರ್ಯಾಗಾರದ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಸರ್ವರಿನ ಬಾಡಿಗೆ, ಬೈಗುಳ ಮತ್ತು ಜಾಹೀರಾತು ಅಳಿಸುತ್ತ ಕೂರುವವರಿಗೆ ಒಂದು ಗೌರವಧನ, ಇವೆಲ್ಲ ದುಡ್ಡಿನಿಂದಲೇ ಆಗಬೇಕಾದ ಕೆಲಸಗಳು. ಕೂಲಿಗೆ ಬರೆದರೆ ಅದನ್ನು ಮುಚ್ಚಿಡಬಾರದು, ಅಷ್ಟೇ. 2013ರಲ್ಲಿ ‘ವಿಕಿ-ಪಿಆರ್’ ಎಂಬ ಕಂಪನಿಯ ನಂಟಿದೆಯೆಂಬ ಶಂಕೆಯ ಮೇಲೆ 250ಕ್ಕೂ ಹೆಚ್ಚು ಖಾತೆಗಳಿಗೆ ಬೀಗ ಬಿದ್ದ ಮೇಲೆ, ಹಣ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಲೇಬೇಕು ಎಂದು 2014ರಲ್ಲಿ ವಿಕಿಪೀಡಿಯ ನಿಯಮ ಮಾಡಿತು.

ಅಮೆರಿಕದ ಕನ್ನಡಿಗರ ‘ಅಕ್ಕ’ ಸಮ್ಮೇಳನದ ನೆನಪಿನಲ್ಲಿ ಹೊಸ ಕನ್ನಡ ತಾಣ ಕಟ್ಟಲು ಹೊರಟ ಅಲ್ಲಿನ ಗೆಳೆಯರಿಗೂ, ಊರಿನ ಅಡಿಕೆ ಬೆಳೆಗಾರರಿಗೆ ಚರ್ಚೆಯ ಜಾಗ ಮಾಡಲು ಹೊರಟವರಿಗೂ ಈ ಅನುಭವಗಳಿಂದ ಹೇಳಬಹುದಾದ ಮಾತು ಒಂದೇ. ಐನೂರು ಪೋಸ್ಟಿನ ಪ್ಯಾಕೇಜಿಗೆ ಇಟ್ಟ ಹಣದಲ್ಲಿ, ಆ ವಿಷಯದ ಹುಚ್ಚಿರುವ ಐದು ಜನರನ್ನು ಹುಡುಕಿ. ಮೊದಲ ಆರು ತಿಂಗಳು ಬಂದ ಪ್ರಶ್ನೆಗಳಿಗೆಲ್ಲ ಅವರು ಒಂದೇ ದಿನದೊಳಗೆ ಉತ್ತರಿಸಲಿ. ಅವರಿಗೆ ಬೇಕಾದ ಪುಸ್ತಕ, ಯಂತ್ರ, ಪ್ರಯಾಣದ ಖರ್ಚು ನೀವು ನೋಡಿಕೊಳ್ಳಿ. ತಿಂಗಳ ಕೊನೆಗೆ ಪೋಸ್ಟುಗಳನ್ನು ಎಣಿಸಬೇಡಿ. ಕಳೆದ ತಿಂಗಳು ಮೊದಲ ಸಲ ಬರೆದವರಲ್ಲಿ ಈ ತಿಂಗಳು ಎಷ್ಟು ಮಂದಿ ಮತ್ತೆ ಬರೆದರು ಎಂದು ಎಣಿಸಿ. ಆ ಸಂಖ್ಯೆ ಮೂರೇ ಇದ್ದರೂ ನಿಮ್ಮ ತಾಣ ಬೆಳೆಯುತ್ತಿದೆ. ಅದು ಸೊನ್ನೆಯಾಗಿದ್ದರೆ ಇನ್ನೈನೂರು ಪೋಸ್ಟು ಕೊಂಡರೂ ಸೊನ್ನೆಯೇ.